ಫೈಲ್ ಎಲ್ಲಿದೆ, ಹೆಸರು ಎಲ್ಲಿದೆ? ಕಂಪ್ಯೂಟರ್ ಕಡತಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಕಲಿಸುವ ಕೆಲಸದಲ್ಲಿ ವರ್ಷಗಟ್ಟಲೆ ಕಳೆದ ಮೇಲೆ ನನಗೊಂದು ಮಾತು ಖಚಿತವಾಗಿದೆ. ಫೈಲ್‌ಗಳ ವಿಷಯದಲ್ಲಿ ಜನ ಪಡುವ ಪಾಡಿಗೆ ಬಹುಪಾಲು ಒಂದೇ ಕಾರಣ: ಹೆಸರೂ ವಸ್ತುವೂ ಒಂದೇ ಎಂಬ ನಂಬಿಕೆ. ಪಹಣಿ ಬೇರೆ, ಜಮೀನು ಬೇರೆ ಎಂದು ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಡಿಸ್ಕ್‌ನಲ್ಲೂ ಅಷ್ಟೇ, ದಾಖಲೆ ಒಂದು ಕಡೆ, ವಸ್ತು ಇನ್ನೊಂದು ಕಡೆ. ಇದು ಮನಸ್ಸಿನಲ್ಲಿ ಕೂತರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಲ್ಲಿರಿ.

ಫೈಲ್ ಎಂದರೆ ಡಿಸ್ಕ್‌ನಲ್ಲಿ ನಿಜವಾಗಿ ಏನಿರುತ್ತದೆ?

ಡಿಸ್ಕ್‌ಗೆ ಫೈಲ್ ಎಂದರೇನೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಂಬರ್ ಹಾಕಿದ ಸಮನಾದ ತುಂಡುಗಳು ಮಾತ್ರ. ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ ಒಂದು ತುಂಡು, ಅಂದರೆ ಸೆಕ್ಟರ್, 512 ಬೈಟ್ ಇರುತ್ತಿತ್ತು. ಈಚಿನವುಗಳಲ್ಲಿ ಅದು 4,096 ಬೈಟ್. ‘ಇಷ್ಟನೇ ತುಂಡನ್ನು ಓದು’, ‘ಇಷ್ಟನೇ ತುಂಡಿನಲ್ಲಿ ಇದನ್ನು ಬರೆ’ ಎಂಬ ಎರಡು ಅಪ್ಪಣೆಗಳೇ ಅದರ ಮುಖ್ಯ ಕೆಲಸ. 1 ಟಿಬಿ ಡಿಸ್ಕ್ ಅನ್ನು 4,096 ಬೈಟ್‌ಗಳ ತುಂಡುಗಳಾಗಿ ಎಣಿಸಿದರೆ ಸುಮಾರು 24 ಕೋಟಿ 41 ಲಕ್ಷ ತುಂಡುಗಳಾಗುತ್ತವೆ. ಅಷ್ಟು ದೊಡ್ಡ ಬಯಲಿನಲ್ಲಿ ನಿಮ್ಮ ಮಗಳ ಅಂಕಪಟ್ಟಿ ಯಾವ ತುಂಡುಗಳಲ್ಲಿದೆ, ಯಾವುದು ಖಾಲಿ, ಯಾವುದು ಯಾರ ವಶದಲ್ಲಿದೆ ಎಂದು ಲೆಕ್ಕ ಇಡುವ ಪದ್ಧತಿಯೇ ಫೈಲ್ ಸಿಸ್ಟಮ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ಒಂದೇ ಬಗೆಯ ಬಯಲಿನ ಮೇಲೆ ಬೇರೆ ಬೇರೆ ಬಗೆಯ ಲೆಕ್ಕದ ಪುಸ್ತಕ ಇಡುತ್ತವೆ.

ಆದ್ದರಿಂದ ಒಂದು ಫೈಲ್ ಎಂದರೆ ಮೂರು ಸಂಗತಿಗಳು. ಮೊದಲನೆಯದು ತುಂಡುಗಳಲ್ಲಿರುವ ವಿಷಯ. ಎರಡನೆಯದು ಅದರ ದಾಖಲೆ: ಎಷ್ಟು ಉದ್ದ, ಯಾವಾಗ ಬದಲಾಯಿತು, ಯಾರದು, ಯಾವ ಯಾವ ತುಂಡುಗಳಲ್ಲಿದೆ. ಮೂರನೆಯದು ಹೆಸರು. ಲಿನಕ್ಸ್‌ನಲ್ಲಿ ಎರಡನೆಯದಕ್ಕೆ ಇನೋಡ್ ಎನ್ನುತ್ತಾರೆ. ಪ್ರತಿ ಇನೋಡ್‌ಗೂ ಒಂದು ನಂಬರ್ ಉಂಟು, ಜಮೀನಿಗೆ ಸರ್ವೆ ನಂಬರ್ ಇದ್ದಂತೆ. ವಿಂಡೋಸ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್‌ನಲ್ಲಿ ಈ ದಾಖಲೆಗಳೆಲ್ಲ ‘ಮಾಸ್ಟರ್ ಫೈಲ್ ಟೇಬಲ್’ ಎಂಬ ಒಂದೇ ದೊಡ್ಡ ಕೋಷ್ಟಕದಲ್ಲಿರುತ್ತವೆ. ಒಂದು ದಾಖಲೆಗೆ ಸಾಮಾನ್ಯವಾಗಿ 1,024 ಬೈಟ್ ಜಾಗ.

ಹಾಗಾದರೆ ಫೋಲ್ಡರ್ ಎಂದರೆ ಪೆಟ್ಟಿಗೆ ಅಲ್ಲವೇ?

ತೆರೆಯ ಮೇಲಿನ ಹಳದಿ ಚಿತ್ರ ನೋಡಿದರೆ ಹಾಗೆಯೇ ಅನ್ನಿಸುತ್ತದೆ. ಒಳಗೆ ನೋಡಿದರೆ ಫೋಲ್ಡರ್ ಒಂದು ಪಟ್ಟಿ. ಎಡಗಡೆ ಹೆಸರು, ಬಲಗಡೆ ನಂಬರ್. ‘ಮದುವೆ ಆಮಂತ್ರಣ’ ಎಂಬ ಹೆಸರಿನ ಮುಂದೆ 524301 ಎಂದಿದ್ದರೆ, ಆ ನಂಬರಿನ ಇನೋಡ್ ತೆರೆದು ನೋಡಿ, ಅದು ತೋರಿಸಿದ ತುಂಡುಗಳಿಗೆ ಹೋಗಬೇಕು. ಒಳಗಿನ ಫೋಲ್ಡರ್‌ಗಳೂ ಹೀಗೆಯೇ, ಪಟ್ಟಿಯೊಳಗೆ ಇನ್ನೊಂದು ಪಟ್ಟಿಯ ನಂಬರ್ ಇರುತ್ತದೆ. ಬೇರಿನಿಂದ ಕೊಂಬೆ ಒಡೆಯುವ ಈ ಏರ್ಪಾಡು ಮಲ್ಟಿಕ್ಸ್ ಎಂಬ ವ್ಯವಸ್ಥೆಯಲ್ಲಿ ರೂಪುಗೊಂಡಿತು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್ ಅದನ್ನು ಸರಳಗೊಳಿಸಿತು. ಇಂದು ನಿಮ್ಮ ಫೋನಿನಲ್ಲಿರುವುದೂ ಅದೇ ವಂಶ.

ಲಿನಕ್ಸ್ ಇರುವವರು ಟರ್ಮಿನಲ್‌ನಲ್ಲಿ ‘ಎಲ್‌ಎಸ್’ ಆದೇಶಕ್ಕೆ ‘ಮೈನಸ್ ಐ’ ಸೇರಿಸಿ ನೋಡಬಹುದು. ಪ್ರತಿ ಹೆಸರಿನ ಹಿಂದೆ ಅದರ ಇನೋಡ್ ನಂಬರ್ ಬರುತ್ತದೆ. ಈಗ ‘ಎಲ್‌ಎನ್’ ಆದೇಶದಿಂದ ಅದೇ ಫೈಲ್‌ಗೆ ಇನ್ನೊಂದು ಹೆಸರು ಕೊಡಿ. ಎರಡು ಹೆಸರು, ಒಂದೇ ನಂಬರ್! ಒಂದು ಹೆಸರಿನಿಂದ ತೆರೆದು ತಿದ್ದಿದರೆ ಇನ್ನೊಂದರಲ್ಲೂ ತಿದ್ದಿರುತ್ತದೆ, ಏಕೆಂದರೆ ವಸ್ತು ಒಂದೇ. ಒಂದು ಹೆಸರನ್ನು ಅಳಿಸಿದರೂ ವಸ್ತು ಉಳಿಯುತ್ತದೆ. ಕೊನೆಯ ಹೆಸರೂ ಹೋದಾಗ ಮಾತ್ರ ಆ ತುಂಡುಗಳು ಖಾಲಿ ಎಂದು ಲೆಕ್ಕವಾಗುತ್ತವೆ. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದಾಗ ಮಕ್ಕಳ ಮುಖದಲ್ಲಿ ಬರುವ ಬೆಳಕು ಬೇರೆ ಯಾವ ಪಾಠದಲ್ಲೂ ಬಂದದ್ದನ್ನು ನಾನು ಕಂಡಿಲ್ಲ. ಫೈಲ್‌ನ ಹೆಸರು ಫೈಲ್‌ನೊಳಗೆ ಇಲ್ಲ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಡೆಸ್ಕ್‌ಟಾಪ್‌ನಲ್ಲಿರುವ ಶಾರ್ಟ್‌ಕಟ್ ಕೂಡ ಎರಡನೇ ಹೆಸರೇ?

ಇಲ್ಲ. ಶಾರ್ಟ್‌ಕಟ್ ಎಂದರೆ ವಿಳಾಸ ಬರೆದಿಟ್ಟ ಚೀಟಿ. ಮೂಲ ಫೈಲ್ ಅಳಿದರೆ ಚೀಟಿ ಉಳಿಯುತ್ತದೆ, ಮನೆ ಇರುವುದಿಲ್ಲ. ಶಾರ್ಟ್‌ಕಟ್ ಅನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡು ಸಂದರ್ಶನಕ್ಕೆ ಹೋದ ಹುಡುಗರನ್ನು ಕಂಡು ಮರುಗಿದ್ದೇನೆ. ಹೊರಡುವ ಮುನ್ನ ಪೆನ್‌ಡ್ರೈವ್ ಅನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ತೆರೆದು ನೋಡಿ.

ವಿಂಡೋಸ್‌ನಲ್ಲಿ ಡ್ರೈವ್‌ಗಳು ‘ಸಿ’ಯಿಂದ ಏಕೆ ಶುರುವಾಗುತ್ತವೆ?

‘ಎ’ ಮತ್ತು ‘ಬಿ’ ಫ್ಲಾಪಿಗಳಿಗೆ ಮೀಸಲಾಗಿದ್ದವು. 1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್ ಇತ್ತು, ಅದಕ್ಕೆ ಮುಂದಿನ ಅಕ್ಷರ ಸಿಕ್ಕಿತು. ಫ್ಲಾಪಿ ಹೋಯಿತು, ಅಕ್ಷರ ನಿಂತಿತು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅಕ್ಷರಗಳಿಲ್ಲ. ಮರ ಒಂದೇ, ಪೆನ್‌ಡ್ರೈವ್ ಹಾಕಿದರೆ ಅದು ಆ ಮರದ ಒಂದು ಕೊಂಬೆಗೆ ಕಸಿಯಾಗಿ ಸೇರಿಕೊಳ್ಳುತ್ತದೆ.

20 ಜಿಬಿ ಫೋಲ್ಡರ್ ಅದೇ ಡ್ರೈವ್‌ನಲ್ಲಿ ಕ್ಷಣದಲ್ಲಿ ಜಾಗ ಬದಲಿಸುತ್ತದೆ, ಪೆನ್‌ಡ್ರೈವ್‌ಗೆ ಹಾಕಲು ಮಾತ್ರ ಬಹಳ ಹೊತ್ತು ಹಿಡಿಯುತ್ತದೆ. ಏಕೆ?

ಮೊದಲನೆಯದು ಖಾತೆ ಬದಲಾವಣೆ. ಹಳೆಯ ಪಟ್ಟಿಯಿಂದ ಒಂದು ಸಾಲು ತೆಗೆದು ಹೊಸ ಪಟ್ಟಿಗೆ ಬರೆದರೆ ಮುಗಿಯಿತು, ಜಮೀನು ಕದಲಬೇಕಾಗಿಲ್ಲ. ಎರಡನೆಯದರಲ್ಲಿ ಇನ್ನೊಂದು ಊರಿನ ಲೆಕ್ಕದ ಪುಸ್ತಕಕ್ಕೆ ಹೋಗಬೇಕು. ಆದ್ದರಿಂದ ಒಂದೊಂದು ತುಂಡನ್ನೂ ಓದಿ, ಅಲ್ಲಿ ಬರೆದು, ಆಮೇಲೆ ಇಲ್ಲಿನ ಹೆಸರು ಅಳಿಸಬೇಕು. ಮುಖ್ಯವಾದ ಫೈಲ್‌ಗಳನ್ನು ಬೇರೆ ಡ್ರೈವ್‌ಗೆ ‘ಕಟ್’ ಮಾಡಬೇಡಿ. ‘ಕಾಪಿ’ ಮಾಡಿ, ಅಲ್ಲಿ ತೆರೆದು ನೋಡಿ, ನಂತರ ಇಲ್ಲಿಂದ ತೆಗೆಯಿರಿ.

ಡಿಲೀಟ್ ಮಾಡಿದ ಫೈಲ್ ಎಲ್ಲಿಗೆ ಹೋಗುತ್ತದೆ? ಮರಳಿ ತರಬಹುದೇ?

ಎಲ್ಲಿಗೂ ಹೋಗುವುದಿಲ್ಲ. ವಿಂಡೋಸ್‌ನ ರೀಸೈಕಲ್ ಬಿನ್‌ಗೆ ಹೋಯಿತು ಎಂದರೆ ಫೈಲ್ ಅದೇ ಡ್ರೈವ್‌ನ ಒಂದು ಗುಪ್ತ ಫೋಲ್ಡರ್‌ನ ಪಟ್ಟಿಗೆ ವರ್ಗವಾಯಿತು ಎಂದಷ್ಟೇ ಅರ್ಥ. ಅದು ಹಿಡಿದ ಜಾಗ ಇನ್ನೂ ಹಿಡಿದೇ ಇರುತ್ತದೆ. ಬಿನ್ ಖಾಲಿ ಮಾಡಿದಾಗ, ಅಥವಾ ಶಿಫ್ಟ್ ಒತ್ತಿ ಡಿಲೀಟ್ ಮಾಡಿದಾಗ ದಾಖಲೆಗೆ ‘ಖಾಲಿ’ ಎಂದು ಗುರುತು ಬೀಳುತ್ತದೆ. ಬೆಳೆ ಹೊಲದಲ್ಲಿ ನಿಂತೇ ಇರುತ್ತದೆ. ಇನ್ನೊಬ್ಬರು ಬಂದು ಆ ಹೊಲ ಉಳುವವರೆಗೆ, ಅಂದರೆ ಬೇರೊಂದು ಫೈಲ್ ಅದೇ ತುಂಡುಗಳ ಮೇಲೆ ಬರೆಯುವವರೆಗೆ, ಅದು ಅಲ್ಲಿಯೇ ಇರುತ್ತದೆ.

ಹಳೆಯ ಫ್ಯಾಟ್ ಪದ್ಧತಿಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಫ್ಯಾಟ್ ಕೂಡ ಒಂದು ಫೈಲ್ ಸಿಸ್ಟಮ್, ಅಲ್ಲಿ ಪ್ರತಿ ಫೈಲ್‌ಗೆ ಫೋಲ್ಡರ್ ಪಟ್ಟಿಯಲ್ಲಿ 32 ಬೈಟ್‌ಗಳ ಒಂದು ಸಾಲು. ಅಳಿಸಿದಾಗ ಆ ಸಾಲಿನ ಮೊದಲ ಬೈಟ್‌ನಲ್ಲಿ, ಅಂದರೆ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ, 229 ಎಂಬ ಸಂಖ್ಯೆ ಬೀಳುತ್ತದೆ. ಹೆಸರಿನ ಉಳಿದ ಅಕ್ಷರಗಳು, ಉದ್ದ, ಮೊದಲ ತುಂಡಿನ ನಂಬರ್ ಎಲ್ಲವೂ ಹಾಗೆಯೇ ಉಳಿಯುತ್ತವೆ. ಮೈಕ್ರೊಸಾಫ್ಟ್‌ನ ಹಳೆಯ ಆಪರೇಟಿಂಗ್ ಸಿಸ್ಟಮ್ ಆದ ಡಾಸ್‌ನಲ್ಲಿ, 1991ರ ಎಂಎಸ್‌-ಡಾಸ್ 5ರಲ್ಲಿ ಬಂದ ‘ಅನ್‌ಡಿಲೀಟ್’ ಆದೇಶ ಹೆಸರಿನ ಮೊದಲ ಅಕ್ಷರ ಯಾವುದು ಎಂದು ನಮ್ಮನ್ನೇ ಕೇಳುತ್ತಿದ್ದುದು ಇದರಿಂದಲೇ. ಅದೊಂದೇ ಅಕ್ಷರ ಅದಕ್ಕೆ ಗೊತ್ತಿರುತ್ತಿರಲಿಲ್ಲ.

ಪರಿಚಯದ ಮೇಷ್ಟ್ರೊಬ್ಬರು ಶಾಲಾ ವಾರ್ಷಿಕೋತ್ಸವದ ಫೋಟೊಗಳಿದ್ದ ಕ್ಯಾಮೆರಾ ಕಾರ್ಡನ್ನು ಕೈತಪ್ಪಿ ಫಾರ್ಮ್ಯಾಟ್ ಮಾಡಿಕೊಂಡು ಬಂದಿದ್ದರು. ನಾನು ಕೇಳಿದ ಮೊದಲ ಪ್ರಶ್ನೆ, ‘ಆಮೇಲೆ ಒಂದಾದರೂ ಫೋಟೊ ತೆಗೆದಿರಾ?’ ಪುಣ್ಯಕ್ಕೆ ತೆಗೆದಿರಲಿಲ್ಲ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಇಂಥ ಹೊತ್ತಿನಲ್ಲಿ ಲೆಕ್ಕದ ಪುಸ್ತಕವನ್ನು ನೋಡಲು ಹೋಗುವುದೇ ಇಲ್ಲ. ಬಯಲಿನ ಒಂದು ತುದಿಯಿಂದ ನಡೆಯುತ್ತಾ ಪ್ರತಿ ತುಂಡಿನ ಆರಂಭದ ಬೈಟ್‌ಗಳನ್ನು ನೋಡುತ್ತದೆ. ಜೆಪೆಗ್ ಚಿತ್ರಗಳು 255, 216, 255 ಎಂಬ ಮೂರು ಬೈಟ್‌ಗಳಿಂದ ಆರಂಭವಾಗುತ್ತವೆ. ಆ ಗುರುತು ಸಿಕ್ಕ ಕಡೆಯಿಂದ ಚಿತ್ರವನ್ನು ಎತ್ತಿಕೊಳ್ಳುತ್ತದೆ. ಸಂಜೆಯ ಹೊತ್ತಿಗೆ ಮಕ್ಕಳ ಕೋಲಾಟ, ನಾಟಕ, ಬಹುಮಾನ ವಿತರಣೆ ಎಲ್ಲ ಒಂದೊಂದಾಗಿ ಬಂದವು. ಹೆಸರುಗಳು ಮಾತ್ರ ಬರಲಿಲ್ಲ. ಪ್ರತಿ ಚಿತ್ರದ ಹೆಸರೂ ‘ಎಫ್’ ಅಕ್ಷರ ಮತ್ತು ಅದು ಸಿಕ್ಕ ತುಂಡಿನ ನಂಬರ್. ಪಹಣಿ ಸುಟ್ಟುಹೋದ ಊರಿನಲ್ಲಿ ಸರ್ವೆ ನಂಬರುಗಳಷ್ಟೇ ಉಳಿದಂತೆ. ಮೇಷ್ಟ್ರು ಎರಡು ದಿನ ಕೂತು ಮತ್ತೆ ಹೆಸರಿಟ್ಟರು.

ಆದ್ದರಿಂದ ಏನಾದರೂ ಅಳಿಸಿಹೋದರೆ ಆ ಡಿಸ್ಕ್‌ಗೆ ಏನನ್ನೂ ಬರೆಯಬೇಡಿ. ರಕ್ಷಿಸುವ ತಂತ್ರಾಂಶವನ್ನೂ ಅದೇ ಡಿಸ್ಕ್‌ಗೆ ಇಳಿಸಿಕೊಳ್ಳಬೇಡಿ. ಸಿಕ್ಕಿದ್ದನ್ನು ಬೇರೆ ಡಿಸ್ಕ್‌ನಲ್ಲಿ ಉಳಿಸಿ.

ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಬರೆದಿಡುವ ಎಸ್‌ಎಸ್‌ಡಿಯಲ್ಲಿ ಈ ಭರವಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಫೈಲ್ ಅಳಿಸಿದ ಕೂಡಲೇ ಆಪರೇಟಿಂಗ್ ಸಿಸ್ಟಮ್ ‘ಈ ತುಂಡುಗಳು ನನಗೆ ಬೇಡ’ ಎಂದು ಡಿಸ್ಕ್‌ಗೆ ತಿಳಿಸುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ, ವಿಂಡೋಸ್‌ನಲ್ಲಿ 2009ರ ವಿಂಡೋಸ್ 7ರಿಂದ ಇದೆ. ಡಿಸ್ಕ್ ತನ್ನ ಬಿಡುವಿನಲ್ಲಿ ಆ ಜಾಗವನ್ನು ನಿಜವಾಗಿಯೇ ಅಳಿಸುತ್ತದೆ. ಆಮೇಲೆ ಹುಡುಕಿದರೆ ಬರಿಯ ಸೊನ್ನೆ.

64 ಜಿಬಿ ಪೆನ್‌ಡ್ರೈವ್ ಕೊಂಡರೆ 59 ಜಿಬಿ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರೇ?

ಮಾಡಿಲ್ಲ. ತಯಾರಕರ ಜಿಬಿ 100 ಕೋಟಿ ಬೈಟ್, ವಿಂಡೋಸ್‌ನ ಜಿಬಿ 107 ಕೋಟಿ 37 ಲಕ್ಷ 41 ಸಾವಿರದ 824 ಬೈಟ್. 1,024ನ್ನು ಮೂರು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು. 6,400 ಕೋಟಿಯನ್ನು ಅದರಿಂದ ಭಾಗಿಸಿ, 59.6 ಬರುತ್ತದೆ. 1 ಟಿಬಿ ಡಿಸ್ಕ್ 931 ಎಂದು ತೋರುವುದೂ ಇದೇ ಲೆಕ್ಕದಿಂದ. ದೊಡ್ಡ ಅಳತೆಗೆ ಗಿಬಿಬೈಟ್ ಎಂಬ ಬೇರೆ ಹೆಸರನ್ನು 1998ರಲ್ಲೇ ಗೊತ್ತು ಮಾಡಿದ್ದರು. ವಿಂಡೋಸ್ ಅದನ್ನು ಬಳಸದೆ ಹಳೆಯ ಹೆಸರನ್ನೇ ಉಳಿಸಿಕೊಂಡದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸೇರು ಎಂದರೆ ಎಲ್ಲರಿಗೂ ಒಂದೇ ಸೇರು ಆಗಿರಬೇಕು.

ಫೈಲ್‌ನ ಗಾತ್ರ 100 ಬೈಟ್, ‘ಡಿಸ್ಕ್‌ನ ಮೇಲಿನ ಗಾತ್ರ’ ಅದಕ್ಕಿಂತ ಎಷ್ಟೋ ಹೆಚ್ಚು. ಇದೇನು?

ಒಂದು ಸಾಲು ಟೊಮೇಟೊ ನೆಡಲು ಬಂದರೂ ಇಡೀ ಮಡಿಯನ್ನೇ ಕೊಡುವ ಪದ್ಧತಿ ಇದು. ಎನ್‌ಟಿಎಫ್‌ಎಸ್‌ನಲ್ಲಿ ಮಡಿ, ಅಂದರೆ ಒಂದು ಫೈಲ್‌ಗೆ ಒಮ್ಮೆಗೆ ಕೊಡುವ ಕನಿಷ್ಠ ಜಾಗ, ಸಾಮಾನ್ಯವಾಗಿ 4 ಕೆಬಿ. ಕೆಲವು ನೂರು ಬೈಟ್‌ಗಳ ಅತಿ ಸಣ್ಣ ಫೈಲ್ ಆದರೆ ಅದು ವಿಷಯವನ್ನು ದಾಖಲೆಯ ಒಳಗೇ ಬರೆದುಕೊಂಡು ಮಡಿಯನ್ನೇ ಉಳಿಸುತ್ತದೆ, ಜಾಣ ಏರ್ಪಾಡು. 32 ಜಿಬಿಗಿಂತ ದೊಡ್ಡ ಪೆನ್‌ಡ್ರೈವ್ ಅನ್ನು ವಿಂಡೋಸ್‌ನಲ್ಲಿ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿದರೆ ಒಂದು ಮಡಿ 128 ಕೆಬಿ. ಅಂಥ ಪೆನ್‌ಡ್ರೈವ್‌ಗೆ 100 ಬೈಟ್‌ಗಳ 10,000 ಫೈಲ್ ಹಾಕಿದರೆ ವಿಷಯ 10 ಲಕ್ಷ ಬೈಟ್, ಹಿಡಿಯುವ ಜಾಗ 131 ಕೋಟಿ ಬೈಟ್. ಸಣ್ಣ ಫೈಲ್‌ಗಳು ರಾಶಿ ಇದ್ದರೆ ಜಿಪ್ ಮಾಡಿ ಒಂದೇ ಫೈಲ್ ಆಗಿಸಿ ಸಾಗಿಸಿ. ಜಾಗವೂ ಉಳಿಯುತ್ತದೆ, ಕಾಪಿಯೂ ಬೇಗ ಆಗುತ್ತದೆ.

ಪೆನ್‌ಡ್ರೈವ್‌ನಲ್ಲಿ 20 ಜಿಬಿ ಜಾಗವಿದೆ, 5 ಜಿಬಿ ವೀಡಿಯೊ ಹಿಡಿಯುವುದಿಲ್ಲ ಎನ್ನುತ್ತದೆ. ಹಾಳಾಗಿದೆಯೇ?

ಹಾಳಾಗಿಲ್ಲ, ಅದು ಫ್ಯಾಟ್32 ಆಗಿ ಫಾರ್ಮ್ಯಾಟ್ ಆಗಿದೆ. ಆ ಪದ್ಧತಿಯಲ್ಲಿ ಫೈಲ್‌ನ ಉದ್ದ ಬರೆಯಲು 32 ಬಿಟ್‌ಗಳ ಅಂಕಣ ಇದೆ. ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 429 ಕೋಟಿ 49 ಲಕ್ಷದ 67 ಸಾವಿರದ 295. ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಜಾಗ ಎಷ್ಟಿದ್ದರೂ ಅದಕ್ಕಿಂತ ಉದ್ದವನ್ನು ಪುಸ್ತಕದಲ್ಲಿ ಬರೆಯಲು ಅಂಕಣವೇ ಸಾಲದು.

ಫ್ಯಾಟ್ ಹುಟ್ಟಿದ್ದು 1977ರಲ್ಲಿ, ಫ್ಲಾಪಿಗಳ ಕಾಲದಲ್ಲಿ. ಅದರ ಲೆಕ್ಕ ಇಡುವ ರೀತಿ ಬಹಳ ಸರಳ. ಫೈಲ್ 500ನೇ ತುಂಡಿನಲ್ಲಿ ಆರಂಭ ಎಂದು ಫೋಲ್ಡರ್ ಹೇಳುತ್ತದೆ. ಕೋಷ್ಟಕದ 500ನೇ ಸಾಲಿಗೆ ಹೋದರೆ ‘ಮುಂದಿನದು 501’ ಎಂದಿರುತ್ತದೆ, 501ರಲ್ಲಿ ‘ಮುಂದಿನದು 910’, 910ರಲ್ಲಿ ‘ಇಲ್ಲಿಗೆ ಮುಗಿಯಿತು’. ದಾರಿಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಂಡು ಮನೆ ಹುಡುಕಿದ ಹಾಗೆ. ನಡುವೆ ಒಬ್ಬರು ತಪ್ಪು ಹೇಳಿದರೆ ದಾರಿಯೇ ತಪ್ಪುತ್ತದೆ. ಅಳಿಸಿದಾಗ ಈ ಸರಪಳಿ ಪೂರ್ತಿ ಅಳಿಯುವುದರಿಂದ, ಚದುರಿ ಕೂತಿದ್ದ ಫೈಲ್‌ಗಳನ್ನು ಮರಳಿ ತರುವುದು ಕಷ್ಟ. ಇಷ್ಟು ಸರಳವಾದ್ದರಿಂದಲೇ ಟಿವಿ, ಕಾರಿನ ಸ್ಟೀರಿಯೊ, ಕ್ಯಾಮೆರಾ, ಎಲ್ಲಕ್ಕೂ ಫ್ಯಾಟ್32 ಅರ್ಥವಾಗುತ್ತದೆ.

ಪರಿಹಾರ ಎಕ್ಸ್‌ಫ್ಯಾಟ್. 2006ರಲ್ಲಿ ಮೈಕ್ರೊಸಾಫ್ಟ್ ತಂದದ್ದು, 2019ರಲ್ಲಿ ಅದರ ವಿವರಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ವಿಂಡೋಸ್, ಮ್ಯಾಕ್, ಈಚಿನ ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಫಾರ್ಮ್ಯಾಟ್ ಮಾಡುವ ಮುನ್ನ ಒಳಗಿರುವುದನ್ನು ಬೇರೆ ಕಡೆ ಇಡಿ, ಏಕೆಂದರೆ ಫಾರ್ಮ್ಯಾಟ್ ಎಂದರೆ ಹಳೆಯ ಪುಸ್ತಕ ಎತ್ತಿಟ್ಟು ಹೊಸ ಖಾಲಿ ಪುಸ್ತಕ ತೆರೆಯುವುದು.

ಫೈಲ್‌ಗೆ ಕನ್ನಡದಲ್ಲಿ ಹೆಸರಿಡಬಹುದೇ?

ಧಾರಾಳವಾಗಿ ಇಡಿ. ನಮ್ಮ ಭಾಷೆಯ ಹೆಸರು ನಮ್ಮ ಕಡತದ ಮೇಲೆ ಇರಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡುವ ಪದ್ಧತಿಗೆ ಯೂನಿಕೋಡ್ ಎನ್ನುತ್ತಾರೆ, ಇಂದಿನ ಎಲ್ಲ ಫೈಲ್ ಸಿಸ್ಟಮ್‌ಗಳೂ ಯೂನಿಕೋಡ್ ಕನ್ನಡವನ್ನು ಒಪ್ಪುತ್ತವೆ. ಎರಡು ಸಂಗತಿ ಮಾತ್ರ ಗೊತ್ತಿರಲಿ.

ಮೊದಲನೆಯದು ಉದ್ದ. ‘ಸ್ವಾತಂತ್ರ್ಯ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ: ಸ್ವಾ, ತಂ, ತ್ರ್ಯ. ಕಂಪ್ಯೂಟರ್ ಅದನ್ನು ಬಿಡಿಸಿ ಬರೆದುಕೊಳ್ಳುತ್ತದೆ. ಸ, ವಿರಾಮ (ಒತ್ತಕ್ಷರ ಮಾಡುವ ಗುರುತು), ವ, ಆ ಕಾರದ ಗುರುತು, ತ, ಸೊನ್ನೆ, ತ, ವಿರಾಮ, ರ, ವಿರಾಮ, ಯ. ಒಟ್ಟು 11 ಸಂಕೇತಗಳು. ಲಿನಕ್ಸ್ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಆದ್ದರಿಂದ ಈ ಪದಕ್ಕೆ 33 ಬೈಟ್. ಲಿನಕ್ಸ್‌ನ ಫೈಲ್ ಸಿಸ್ಟಮ್ ಆದ ಎಕ್ಸ್‌ಟಿ4ರಲ್ಲಿ ಹೆಸರಿಗೆ ಇರುವ ಮಿತಿ 255 ಬೈಟ್. ಇಂಗ್ಲಿಷ್‌ಗೆ 255 ಅಕ್ಷರ ಸಿಗುವ ಕಡೆ ಕನ್ನಡಕ್ಕೆ ಸಿಗುವುದು 85 ಸಂಕೇತಗಳು. ಎನ್‌ಟಿಎಫ್‌ಎಸ್ ಎಣಿಸುವ ರೀತಿ ಬೇರೆ, ಅಲ್ಲಿ ಕನ್ನಡಕ್ಕೂ 255 ಸಂಕೇತಗಳು ಸಿಗುತ್ತವೆ. ವಿಂಡೋಸ್‌ನಲ್ಲಿ ಸುಖವಾಗಿದ್ದ ಉದ್ದ ಕನ್ನಡ ಹೆಸರಿನ ಫೈಲ್ ಲಿನಕ್ಸ್‌ಗೆ ಕಾಪಿ ಮಾಡುವಾಗ ‘ಹೆಸರು ಅತಿ ಉದ್ದ’ ಎಂದು ತಿರುಗಿ ಬೀಳುವುದು ಇದರಿಂದ. ಪಿಎಚ್‌ಡಿ ಪ್ರಬಂಧದ ಪೂರ್ಣ ಶೀರ್ಷಿಕೆಯನ್ನು ಫೈಲ್‌ಗೆ ಇಡುವವರು ಇದನ್ನು ಗಮನಿಸಬೇಕು.

ಎರಡನೆಯದು ಸೂಕ್ಷ್ಮ. ‘ಕೊಡಗು’ ಎಂದು ಬರೆಯಿರಿ. ‘ಕೊ’ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಕ ಮತ್ತು ಒ ಕಾರದ ಗುರುತು ಸೇರಿಸಿ, ಅಥವಾ ಕ, ಎ ಕಾರದ ಗುರುತು, ಊ ಕಾರದ ಗುರುತು ಈ ಮೂರನ್ನು ಸೇರಿಸಿ. ಕಣ್ಣಿಗೆ ಎರಡೂ ಒಂದೇ. ಬೈಟ್ ಲೆಕ್ಕದಲ್ಲಿ ಮೊದಲನೆಯ ‘ಕೊಡಗು’ 15, ಎರಡನೆಯದು 18. ಎಕ್ಸ್‌ಟಿ4 ಮತ್ತು ಎನ್‌ಟಿಎಫ್‌ಎಸ್‌ಗೆ ಇವು ಎರಡು ಬೇರೆ ಹೆಸರುಗಳು. ಒಂದೇ ಫೋಲ್ಡರ್‌ನಲ್ಲಿ ಎರಡು ‘ಕೊಡಗು’ ಕೂತಿರಬಹುದು, ಒಂದನ್ನು ಹುಡುಕಿದರೆ ಇನ್ನೊಂದು ಸಿಗದಿರಬಹುದು. 1998ರಲ್ಲಿ ಆಪಲ್ ತಂದ ಎಚ್‌ಎಫ್‌ಎಸ್ ಪ್ಲಸ್ ಎಲ್ಲ ಹೆಸರುಗಳನ್ನೂ ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಹಳೆಯ ಮ್ಯಾಕ್‌ನಿಂದ ಬಂದ ಫೈಲ್‌ಗಳಲ್ಲಿ ಈ ತೊಂದರೆ ಕಂಡರೆ ಹೆಸರನ್ನು ಅಳಿಸಿ ಮತ್ತೊಮ್ಮೆ ಟೈಪ್ ಮಾಡಿ, ಸರಿಹೋಗುತ್ತದೆ.

ಹಳೆಯ ನುಡಿ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಫೈಲ್ ಕೆಟ್ಟಿದೆಯೇ?

ಫೈಲ್ ಚೆನ್ನಾಗಿಯೇ ಇದೆ. ಫೈಲ್‌ನೊಳಗೆ ಇರುವುದು ಸಂಖ್ಯೆಗಳು ಮಾತ್ರ, ಅವಕ್ಕೆ ಅರ್ಥ ಕೊಡುವವರು ಬೇರೆ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳು ಇಂಗ್ಲಿಷ್ ಮತ್ತು ಇತರ ಲ್ಯಾಟಿನ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಿದ್ದವು. ಆ ಫಾಂಟ್ ಇಲ್ಲದ ಕಡೆ ತೊಡಿಸಿದ ಬಟ್ಟೆ ಕಳಚಿ ಮೂಲ ಅಕ್ಷರ ಕಾಣುತ್ತದೆ. ಪರಿವರ್ತಕ ಬಳಸಿ ಯೂನಿಕೋಡ್‌ಗೆ ತಂದಿಡಿ, ಮೂಲ ಫೈಲ್ ಅನ್ನೂ ಜೋಪಾನವಾಗಿಡಿ, ಏಕೆಂದರೆ ಪರಿವರ್ತನೆಯಲ್ಲಿ ಒತ್ತಕ್ಷರಗಳು ಅಲ್ಲಲ್ಲಿ ತಪ್ಪುತ್ತವೆ. ಎಷ್ಟೋ ಮನೆಗಳಲ್ಲಿ ತಂದೆಯ ಕವಿತೆ, ಅಜ್ಜಿ ಹೇಳಿದ ಹಾಡು ಇಂಥ ಫೈಲ್‌ಗಳಲ್ಲಿ ಕೂತಿವೆ. ‘ಕೆಟ್ಟಿದೆ’ ಎಂದುಕೊಂಡು ಅಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಹೆಸರಿನ ಕೊನೆಯ ಡಾಟ್ ಪಿಡಿಎಫ್ ಅನ್ನು ಡಾಟ್ ಜೆಪಿಜಿ ಎಂದು ಬದಲಿಸಿದರೆ ಫೈಲ್ ಬದಲಾಗುತ್ತದೆಯೇ?

ಇಲ್ಲ, ಹೆಸರಿನ ಬಾಲ ಬದಲಾಯಿತು ಅಷ್ಟೇ. ವಿಂಡೋಸ್ ಆ ಬಾಲ ನೋಡಿ ಯಾವ ತಂತ್ರಾಂಶದಿಂದ ತೆರೆಯಬೇಕೆಂದು ತೀರ್ಮಾನಿಸುತ್ತದೆ. ವರ್ಡ್‌ನ ಡಾಕ್ಸ್ ಫೈಲ್‌ನ ಬಾಲವನ್ನು ಡಾಟ್ ಜಿಪ್ ಎಂದು ಬದಲಿಸಿ ತೆರೆದು ನೋಡಿ. ಅದು ನಿಜವಾಗಿಯೂ ಜಿಪ್! ನೀವು ಸೇರಿಸಿದ ಚಿತ್ರಗಳು ಅದರೊಳಗೆ ‘ಮೀಡಿಯಾ’ ಎಂಬ ಫೋಲ್ಡರ್‌ನಲ್ಲಿ ಸಿಗುತ್ತವೆ. ಯಾರೋ ಫೋಟೊಗಳನ್ನು ವರ್ಡ್‌ನಲ್ಲಿ ಅಂಟಿಸಿ ಕಳಿಸಿದಾಗ ನಾನು ಹೊರತೆಗೆಯುವುದು ಹೀಗೆಯೇ.

ಕೆಲಸ ಮಾಡುತ್ತಿರುವಾಗ ಕರೆಂಟ್ ಹೋದರೆ ಫೈಲ್‌ಗಳಿಗೆ ಏನಾಗುತ್ತದೆ?

ಒಂದು ಫೈಲ್ ಉಳಿಸುವಾಗ ಪುಸ್ತಕದಲ್ಲಿ ಹಲವು ಕಡೆ ಬರೆಯಬೇಕು. ಖಾಲಿ ತುಂಡುಗಳ ಲೆಕ್ಕ, ಫೈಲ್‌ನ ದಾಖಲೆ, ಫೋಲ್ಡರ್‌ನ ಪಟ್ಟಿ. ಒಂದು ಕಡೆ ಬರೆದು ಇನ್ನೊಂದು ಕಡೆ ಬರೆಯುವ ಮುನ್ನ ಕರೆಂಟ್ ಹೋದರೆ ಲೆಕ್ಕ ತಾಳೆಯಾಗುವುದಿಲ್ಲ. ಹಳೆಯ ದಿನಸಿ ಅಂಗಡಿಗಳಲ್ಲಿ ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖತಾವಣಿಗೆ ಏರಿಸುತ್ತಿದ್ದರಲ್ಲ, ಅದೇ ಜಾಣ್ಮೆ ಇಲ್ಲೂ ಇದೆ. ‘ಈಗ ಇಂಥಿಂಥ ಬದಲಾವಣೆ ಮಾಡಲಿದ್ದೇನೆ’ ಎಂದು ಫೈಲ್ ಸಿಸ್ಟಮ್ ಜರ್ನಲ್ ಎಂಬ ತನ್ನ ಕಿರ್ದಿಯಲ್ಲಿ ಮೊದಲು ಬರೆದುಕೊಳ್ಳುತ್ತದೆ. ಕರೆಂಟ್ ಬಂದ ಮೇಲೆ ಜರ್ನಲ್ ಓದಿ, ಪೂರ್ತಿ ಬರೆದಿದ್ದನ್ನು ಖತಾವಣಿಗೆ ಏರಿಸುತ್ತದೆ, ಅರ್ಧ ಬರೆದದ್ದನ್ನು ಬಿಟ್ಟುಬಿಡುತ್ತದೆ. ಎನ್‌ಟಿಎಫ್‌ಎಸ್‌ಗೆ ಇದು 1993ರಲ್ಲಿ ಹುಟ್ಟುವಾಗಲೇ ಇತ್ತು. ಲಿನಕ್ಸ್‌ನ ಎಕ್ಸ್‌ಟಿ ಕುಟುಂಬಕ್ಕೆ 2001ರ ಎಕ್ಸ್‌ಟಿ3ರಿಂದ ಬಂತು. ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಲ್ಲಿ ಇಲ್ಲ.

ಆದರೆ ಎನ್‌ಟಿಎಫ್‌ಎಸ್ ಕಿರ್ದಿಯಲ್ಲಿ ಬರೆದುಕೊಳ್ಳುವುದು ಲೆಕ್ಕವನ್ನು ಮಾತ್ರ, ನಿಮ್ಮ ಪತ್ರದ ವಾಕ್ಯಗಳನ್ನಲ್ಲ. ಎಕ್ಸ್‌ಟಿ4 ಕೂಡ ಸಾಮಾನ್ಯವಾಗಿ ಹಾಗೆಯೇ. ಪುಸ್ತಕ ಸರಿಯಾಗಿ ಉಳಿದರೂ ಕೊನೆಯ ಹತ್ತು ನಿಮಿಷದ ಟೈಪಿಂಗ್ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ಆಗಾಗ ಸೇವ್ ಮಾಡಿ. ಪೆನ್‌ಡ್ರೈವ್‌ನಲ್ಲಿ ಎಂದಾದರೂ ‘ಫೌಂಡ್ ಡಾಟ್ 000’ ಎಂಬ ಫೋಲ್ಡರ್ ಕಂಡರೆ ಗಾಬರಿಯಾಗಬೇಡಿ. ಡಿಸ್ಕ್ ತಪಾಸಣೆ ವಾರಸುದಾರರಿಲ್ಲದ ತುಂಡುಗಳನ್ನು ಕಂಡು ಅಲ್ಲಿ ಕೂಡಿಟ್ಟಿದೆ ಎಂದರ್ಥ.

ಪೆನ್‌ಡ್ರೈವ್ ಅನ್ನು ಪ್ರತಿ ಸಲ ‘ಇಜೆಕ್ಟ್’ ಮಾಡಲೇಬೇಕೇ?

ಮಾಡಿ. ಬರೆಯುವುದನ್ನು ಆಪರೇಟಿಂಗ್ ಸಿಸ್ಟಮ್ ಕೆಲವೊಮ್ಮೆ ಮೆಮೊರಿಯಲ್ಲಿ ಹಿಡಿದಿಟ್ಟು ಆಮೇಲೆ ಇಳಿಸುತ್ತದೆ. ವಿಂಡೋಸ್ 10ರ 1809 ಆವೃತ್ತಿಯಿಂದ ಪೆನ್‌ಡ್ರೈವ್‌ಗಳಿಗೆ ಹೀಗೆ ಹಿಡಿದಿಡದಿರುವುದೇ ಮಾಮೂಲಿ ಏರ್ಪಾಡು. ಲಿನಕ್ಸ್‌ನಲ್ಲಿ ಮಾತ್ರ ಕಾಪಿ ಮುಗಿಯಿತು ಎಂದು ತೋರಿಸಿದ ಮೇಲೂ ಬರೆಯುವುದು ಬಾಕಿ ಇರಬಹುದು, ದೀಪ ಮಿನುಗುವುದು ನಿಂತಿದೆಯೇ ನೋಡಿಕೊಳ್ಳಿ.

ಡಿಫ್ರ್ಯಾಗ್ ಮಾಡಿದರೆ ಕಂಪ್ಯೂಟರ್ ವೇಗವಾಗುತ್ತದೆಯೇ?

ಡಿಫ್ರ್ಯಾಗ್ ಎಂದರೆ ಚದುರಿದ ತುಂಡುಗಳನ್ನು ಒಟ್ಟಿಗೆ ತರುವುದು. ತಿರುಗುವ ಹಾರ್ಡ್ ಡಿಸ್ಕ್ ಆದರೆ ಹೌದು. ಒಂದೇ ಫೈಲ್‌ನ ತುಂಡುಗಳು ಊರಿನ ನಾಲ್ಕು ದಿಕ್ಕಿನಲ್ಲಿ ಚದುರಿದ್ದರೆ ಓದುವ ಕೈ ಓಡಾಡಬೇಕು, ಹತ್ತಿರ ತಂದರೆ ಓಡಾಟ ತಪ್ಪುತ್ತದೆ. ಎಸ್‌ಎಸ್‌ಡಿಯಲ್ಲಿ ಓಡಾಡುವ ಕೈಯೇ ಇಲ್ಲ, ಸುಮ್ಮನೆ ಬರೆದು ಬರೆದು ಅದರ ಆಯಸ್ಸು ಸವೆಯುತ್ತದೆ. ಬೇಡ.

ಫೋನಿನಲ್ಲಿ ಫೋಟೊಗಳು ನಿಜವಾಗಿ ಎಲ್ಲಿರುತ್ತವೆ?

ಗ್ಯಾಲರಿಯಲ್ಲಿ ಕಾಣುವ ಆಲ್ಬಂಗಳು ಒಂದು ನೋಟ ಮಾತ್ರ. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ತೆಗೆದ ಚಿತ್ರಗಳು ‘ಡಿಸಿಐಎಂ’ ಎಂಬ ಫೋಲ್ಡರ್‌ನಲ್ಲಿರುತ್ತವೆ. ಅದು ಡಿಜಿಟಲ್ ಕ್ಯಾಮೆರಾಗಳ ಕಾಲದಿಂದ ಬಂದ ಹೆಸರು. ವಾಟ್ಸ್‌ಆ್ಯಪ್‌ನವು ಬೇರೆ ಫೋಲ್ಡರ್‌ನಲ್ಲಿ. ಒಂದು ಫೋಲ್ಡರ್‌ನ ಚಿತ್ರಗಳು ಗ್ಯಾಲರಿಯಲ್ಲಿ ಕಾಣಬಾರದು ಎಂದಿದ್ದರೆ ಅದರೊಳಗೆ ‘ಡಾಟ್ ನೋಮೀಡಿಯಾ’ ಎಂಬ ಖಾಲಿ ಫೈಲ್ ಇಟ್ಟರೆ ಸಾಕು.

ಈಗಿನ ಫೋನುಗಳಲ್ಲಿ ಫೈಲ್‌ಗಳು ಬೀಗ ಹಾಕಿದ ಸಂಕೇತ ರೂಪದಲ್ಲಿ ಸಂಗ್ರಹವಾಗುತ್ತವೆ. ಅಳಿಸಿದರೆ ಕೀಲಿಯೂ ಹೋಗುತ್ತದೆ. ಮೇಷ್ಟ್ರ ಕಾರ್ಡ್‌ನಲ್ಲಿ ಮಾಡಿದ ಹುಡುಕಾಟ ಫೋನಿನ ಒಳಸಂಗ್ರಹದಲ್ಲಿ ನಡೆಯುವುದಿಲ್ಲ. ‘ಅಳಿಸಿದ ಫೋಟೊ ತರಿಸಿಕೊಡುತ್ತೇವೆ’ ಎಂದು ಹಣ ಕೇಳುವವರನ್ನು ನಂಬುವ ಮುನ್ನ ಗ್ಯಾಲರಿಯ ಕಸದ ಬುಟ್ಟಿ ನೋಡಿ. ಸಾಮಾನ್ಯವಾಗಿ 30 ದಿನ ಅಲ್ಲಿರುತ್ತದೆ.

‘ಕಾನ್’ ಎಂಬ ಹೆಸರಿನ ಫೋಲ್ಡರ್ ಯಾರೂ ಮಾಡಲಾರರು, ಅದೊಂದು ರಹಸ್ಯ ಎನ್ನುತ್ತಾರಲ್ಲ?

ಇಮೇಲ್ ಕಾಲದಿಂದ ಹರಿದಾಡುತ್ತಿರುವ ಸಂದೇಶ ಇದು. ರಹಸ್ಯ ಏನೂ ಇಲ್ಲ. ‘ಸಿಒಎನ್’ ಎಂಬುದು ಕನ್ಸೋಲ್‌ನ, ಅಂದರೆ ಕೀಲಿಮಣೆ ಮತ್ತು ತೆರೆಯ ಹೆಸರು. ಪ್ರಿಂಟರ್‌ಗೆ ‘ಪಿಆರ್‌ಎನ್’, ಬಂದದ್ದನ್ನೆಲ್ಲ ಎಸೆಯುವ ಗುಂಡಿಗೆ ‘ಎನ್‌ಯುಎಲ್’. ಮೊದಲ ಡಾಸ್‌ನಲ್ಲಿ ಫೋಲ್ಡರ್‌ಗಳೇ ಇರಲಿಲ್ಲ, ಸಾಧನಗಳನ್ನೂ ಫೈಲ್‌ನಂತೆ ಹೆಸರು ಹಿಡಿದು ಕರೆಯುತ್ತಿದ್ದರು. 1983ರ ಡಾಸ್ 2ರಲ್ಲಿ ಫೋಲ್ಡರ್‌ಗಳು ಬಂದಾಗ ಹಳೆಯ ತಂತ್ರಾಂಶಗಳು ನಿಲ್ಲಬಾರದು ಎಂದು ಆ ಹೆಸರುಗಳನ್ನು ಎಲ್ಲ ಫೋಲ್ಡರ್‌ಗಳಲ್ಲೂ ಮೀಸಲಿಟ್ಟರು. ಲಿನಕ್ಸ್‌ನಲ್ಲಿ ಈ ಹೆಸರಿನ ಫೋಲ್ಡರ್ ಎಷ್ಟು ಬೇಕಾದರೂ ಮಾಡಿಕೊಳ್ಳಿ.

ನನ್ನ ಫೈಲ್‌ಗಳನ್ನು ಹೇಗೆ ಜೋಡಿಸಿಡಲಿ?

ಅವರವರ ಕೆಲಸಕ್ಕೆ ತಕ್ಕಂತೆ. ನಾನು ಮಾಡುವುದನ್ನು ಹೇಳುತ್ತೇನೆ. ದಿನಾಂಕವನ್ನು ಹೆಸರಿನ ಮುಂದೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುತ್ತೇನೆ: ‘2024-03-15 ಮನೆ ಕಂದಾಯ ರಸೀದಿ’. ಕಂಪ್ಯೂಟರ್ ಹೆಸರುಗಳನ್ನು ಎಡದಿಂದ ಹೋಲಿಸುವುದರಿಂದ ತಾನಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. 15-03-2024 ಎಂದು ಬರೆದರೆ ಎಲ್ಲ ವರ್ಷಗಳ ಹದಿನೈದನೇ ತಾರೀಕುಗಳು ಒಟ್ಟಿಗೆ ಸೇರುತ್ತವೆ. ಫೈಲ್‌ನ ದಾಖಲೆಯಲ್ಲಿರುವ ದಿನಾಂಕವನ್ನು ನೆಚ್ಚುವುದಿಲ್ಲ, ಏಕೆಂದರೆ ಕಾಪಿ, ಡೌನ್‌ಲೋಡ್‌ಗಳಲ್ಲಿ ಅದು ಬದಲಾಗುತ್ತದೆ. ಫೋಲ್ಡರ್‌ನೊಳಗೆ ಫೋಲ್ಡರ್ ಎಂದು ಮೂರು ಮೆಟ್ಟಿಲಿಗಿಂತ ಕೆಳಗೆ ಇಳಿಯುವುದಿಲ್ಲ. ವಿಂಡೋಸ್‌ನ ಅನೇಕ ತಂತ್ರಾಂಶಗಳು ಪೂರ್ತಿ ದಾರಿ 260 ಅಕ್ಷರ ಮೀರಿದರೆ ತಡವರಿಸುತ್ತವೆ. ‘ಕೊನೆಯ ಪ್ರತಿ’, ‘ನಿಜವಾದ ಕೊನೆಯ ಪ್ರತಿ’ ಎಂದು ಹೆಸರಿಡುವುದನ್ನು ಬಿಟ್ಟು ‘ಪ್ರತಿ 1’, ‘ಪ್ರತಿ 2’ ಎಂದು ಬರೆಯುತ್ತೇನೆ.

ಇನ್ನೊಂದು ಡಿಸ್ಕ್‌ನಲ್ಲಿ ನಕಲು ಇದ್ದೇ ಇರುತ್ತದೆ. ಅದೇ ಡಿಸ್ಕ್‌ನ ‘ಡಿ’ ಡ್ರೈವ್‌ನಲ್ಲಿ ಇಟ್ಟದ್ದನ್ನು ನಾನು ನಕಲು ಎಂದು ಎಣಿಸುವುದಿಲ್ಲ. ‘ಸಿ’ ಮತ್ತು ‘ಡಿ’ ಬಹುತೇಕ ಕಂಪ್ಯೂಟರ್‌ಗಳಲ್ಲಿ ಒಂದೇ ಹೊಲದ ನಡುವೆ ಹಾಕಿದ ಬದು. ಹೊಳೆ ಬಂದರೆ ಎರಡೂ ಕಡೆ ನೀರು ನುಗ್ಗುತ್ತದೆ.